ದಕ್ಷಿಣ ಐವತ್ತೆರಡು ಪಶ್ಚಿಮ

ನನ್ನ ಗೆಳೆಯ ತೀರಿಕೊಂಡ ಮೇಲೆ ಅವನ ಮನೆಯವರು ನನಗೆ ತಲುಪಿಸಿದ್ದು ಎರಡು ವಸ್ತುಗಳನ್ನು: ಹಿತ್ತಾಳೆಯ ಒಂದು ದಿಕ್ಸೂಚಿ, ರಟ್ಟಿನ ಪೆಟ್ಟಿಗೆಯ ತುಂಬ ಕ್ಷೇತ್ರಕಾರ್ಯದ ಹಾಳೆಗಳು. ಅವನು ಭೂಗೋಳದ ಅಧ್ಯಾಪಕ. ನಾನು ಶಾಸನ ಓದುವುದನ್ನೇ ಉದ್ಯೋಗ ಮಾಡಿಕೊಂಡು, ಈಗ ನಿವೃತ್ತನಾಗಿ ಮಧುಗಿರಿಯಲ್ಲಿ ನೆಲೆಸಿರುವವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಅಕ್ಷರವಿಲ್ಲದ ಕಲ್ಲುಗಳು, ಅಂದರೆ ಹೆಸರು ಕೆತ್ತದೆ ಸತ್ತವರ ತಲೆಯ ಕಡೆ ನಿಲ್ಲಿಸಿದ ಚಪ್ಪಡಿಗಳು, ಎಲ್ಲೆಲ್ಲಿವೆ ಎಂದು ಗುರುತಿಸುವ ಕೆಲಸವನ್ನು ನಾವಿಬ್ಬರೂ ರಜೆಯ ದಿನಗಳಲ್ಲಿ ಹಂಚಿಕೊಂಡಿದ್ದೆವು. ಅಕ್ಷರವಿದ್ದ ಕಲ್ಲುಗಳನ್ನು ನಮಗಿಂತ ಹಿಂದಿನವರು ದಾಖಲಿಸಿದ್ದರು. ಅಕ್ಷರವಿಲ್ಲದವನ್ನು ಕೇಳಿದವರಿರಲಿಲ್ಲ.

ನಮ್ಮ ಕ್ರಮ ಸರಳವಾಗಿತ್ತು. ಎರಡು ಮೂರು ಊರುಗಳ ಎಲ್ಲೆ ಕೂಡುವೆಡೆ ಸರ್ವೆಯವರು ನೆಟ್ಟ ಗಡಿಕಲ್ಲು ಇರುತ್ತದೆ. ತಲೆಯ ಮೇಲೆ ಅಡ್ಡಗೆರೆ ಉದ್ದಗೆರೆ ಕೊರೆದ ಕಲ್ಲು. ಅದರ ಪಕ್ಕದಲ್ಲಿ ನಿಂತು ಸಮಾಧಿಗಲ್ಲಿನ ಕಡೆ ದಿಕ್ಸೂಚಿ ಹಿಡಿದು ದಿಕ್ಕು ಓದುವುದು, ಸರಪಳಿ ಎಳೆದು ದೂರ ಅಳೆಯುವುದು. ಒಂದು ದಿಕ್ಕು, ಒಂದು ದೂರ. ಗಡಿಕಲ್ಲು ಉಳಿದಿರುವಷ್ಟು ಕಾಲ, ಸಮಾಧಿಗಲ್ಲನ್ನು ಯಾರು ಕಿತ್ತೊಯ್ದರೂ ಅದು ನಿಂತಿದ್ದ ಜಾಗ ಕಳೆದುಹೋಗುವುದಿಲ್ಲ ಎಂದು ನಾವು ನಂಬಿದ್ದೆವು.

ಗೆಳೆಯನ ದಿಕ್ಸೂಚಿ ಹಳೆಯ ಮಾದರಿಯದು. ಅದರ ಬಿಲ್ಲೆ ನಾಲ್ಕು ಪಾಲಾಗಿದೆ. ಉತ್ತರದಲ್ಲೂ ಸೊನ್ನೆ, ದಕ್ಷಿಣದಲ್ಲೂ ಸೊನ್ನೆ. ಪೂರ್ವ ಪಶ್ಚಿಮಗಳಲ್ಲಿ ತೊಂಬತ್ತು. ಉತ್ತರದಿಂದ ಪೂರ್ವದ ಕಡೆಗೆ ಮೂವತ್ತು ಡಿಗ್ರಿ ತಿರುಗಿದ್ದರೆ ಅದನ್ನು ‘ಉತ್ತರ ಮೂವತ್ತು ಪೂರ್ವ’ ಎಂದು ಬರೆಯಬೇಕು. ಈಗಿನ ನಕ್ಷೆಗಳಿಗೆ ಈ ಭಾಷೆ ಬೇಡ. ಅವು ಕೇಳುವುದು ದಿಗಂಶವನ್ನು: ಉತ್ತರದಿಂದ ಹೊರಟು, ಗಡಿಯಾರದ ಮುಳ್ಳು ಸುತ್ತುವ ಕಡೆಗೇ ಸುತ್ತಿ, ಮುನ್ನೂರ ಅರವತ್ತಕ್ಕೆ ಮರಳಿ ಉತ್ತರಕ್ಕೆ ಬರುವ ಒಂದೇ ಎಣಿಕೆ. ಒಂದರಿಂದ ಇನ್ನೊಂದಕ್ಕೆ ದಾಟುವುದು ಹೈಸ್ಕೂಲಿನ ಲೆಕ್ಕ. ಈಶಾನ್ಯದ ಪಾಲಿನಲ್ಲಿ ಅಂಕಿಯೇ ದಿಗಂಶ. ಆಗ್ನೇಯದಲ್ಲಿ ಅಂಕಿಯನ್ನು ನೂರ ಎಂಬತ್ತರಿಂದ ಕಳೆಯಬೇಕು; ನೈಋತ್ಯದಲ್ಲಿ ನೂರ ಎಂಬತ್ತಕ್ಕೆ ಕೂಡಬೇಕು; ವಾಯವ್ಯದಲ್ಲಿ ಮುನ್ನೂರ ಅರವತ್ತರಿಂದ ಕಳೆಯಬೇಕು. ಗೆಳೆಯನ ಹಾಳೆಗಳನ್ನೆಲ್ಲ ಹೀಗೆ ದಿಗಂಶಕ್ಕೆ ಇಳಿಸಿ ಒಂದೇ ನಕ್ಷೆಯ ಮೇಲೆ ಕೂಡಿಸುವುದು ನನ್ನ ಉಳಿದ ಆಯುಷ್ಯದ ಕೆಲಸ ಎಂದುಕೊಂಡು ಕುಳಿತಿದ್ದೆ.

ಅದೇ ಹೊತ್ತಿನಲ್ಲಿ ಒಬ್ಬರು ಮುದುಕರು ಬಂದರು.

ಹುಲಿಕುಂಟೆ ಹೋಬಳಿಯ ಒಂದು ಹಟ್ಟಿಯವರು. ತಲೆತಲಾಂತರದಿಂದ ಕುರಿ ಕಾದ ಮನೆತನ. ಜೊತೆಯಲ್ಲಿ ಮಗನಿದ್ದ, ಲಗೇಜ್ ಆಟೋ ಓಡಿಸುವವನು, ನಲವತ್ತು ದಾಟಿದವನು. ಮುದುಕರು ನನ್ನ ಮನೆಯ ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತರು.

“ಅಪ್ಪ, ಮೊದ್ಲು ಕೂತ್ಕೋ. ಉಸ್ರು ಬ್ಯಾರೆ ಮೇಲಕ್ಕೋಯ್ತೈತೆ,” ಎಂದ ಮಗ.

“ಕೂತ್ರೆ ಎಬ್ಬಿಸಾಕೆ ನಿನ್ನೇ ಕರೀಬೇಕು ಕಣ್ಲಾ. ಅದ್ಕೇ ನಿಂತಿವ್ನಿ,” ಎಂದು ನನ್ನ ಕಡೆ ತಿರುಗಿದರು. “ಸ್ವಾಮಿ, ನಮ್ಮ ಹಟ್ಟಿ ಕಲ್ಲುಗಳ್ನ ಅಳ್ಕೊಂಡು ಬರ್ಕೊಂಡೋದ ಮೇಷ್ಟ್ರು ನೀವೇನಾ?”

“ನಾನಲ್ಲ, ನನ್ನ ಗೆಳೆಯ. ಅವರು ಈಗಿಲ್ಲ.”

“ಇಲ್ಲ ಅಂದ್ರೆ ಊರಲ್ಲಾ, ಲೋಕದಲ್ಲಾ?”

“ಲೋಕದಲ್ಲಿ.”

ಅವರು ಸ್ವಲ್ಪ ಹೊತ್ತು ತಲೆಯಾಡಿಸಿದರು. “ಕಾಗ್ದ?”

“ಇದೆ.”

“ಅಂಗಾದ್ರೆ ಬುಡಿ, ಕೂತ್ಕತೀನಿ.”

ಅವರಿಗೆ ಬೇಕಾದದ್ದು ಒಂದೇ: ಹೆಂಡತಿಯನ್ನು ಮಣ್ಣು ಮಾಡಿದ ಜಾಗ. ಆಕೆ ಜ್ವರದಿಂದ ಸತ್ತಾಗ ಅವರು ಹಿಂಡು ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದರು. ಸುದ್ದಿ ತಲುಪಿ ಮರಳುವ ಹೊತ್ತಿಗೆ ಹಟ್ಟಿಯವರು ಆಕೆಯನ್ನು ಹಿರಿಯರ ಕಲ್ಲುಗಳ ಸಾಲಿನ ತುದಿಯಲ್ಲಿ ಮಣ್ಣು ಮಾಡಿ, ತಲೆಯ ಕಡೆ ಒಂದು ಚಪ್ಪಡಿ ನಿಲ್ಲಿಸಿದ್ದರು. “ಒಂದ್ ಹಿಡಿ ಮಣ್ಣು ಹಾಕಾಕಾಗ್ಲಿಲ್ಲ ನನ್ ಕೈಲಿ,” ಎಂದರು. ಆಮೇಲೆ ಹಟ್ಟಿ ರಸ್ತೆಯ ಬದಿಗೆ ಬಂದಿತು. ಹಳೆಯ ಜಾಗವನ್ನು ಬಳ್ಳಾರಿ ಜಾಲಿ ನುಂಗಿತು. ಆ ಇಳಿಜಾರು ಕೈಯಿಂದ ಕೈಗೆ ದಾಟಿ ಈಗ ಸೋಲಾರ್ ಫಲಕ ನಿಲ್ಲಿಸುವವರ ವಶದಲ್ಲಿತ್ತು. ಅವರು ಜಾಲಿ ಬುಡಸಮೇತ ಕಿತ್ತು, ಹಳ್ಳ ಮುಚ್ಚಿ, ದಿಬ್ಬ ಕೆಡವಿ, ಇಡೀ ನೆಲವನ್ನು ಅಂಗೈಯಂತೆ ಮಾಡಿದ್ದರು. ಮುದುಕರು ಅಲ್ಲಿಗೆ ಹೋಗಿ ನಿಂತಾಗ ಅವರಿಗೆ ಯಾವುದರ ಗುರುತೂ ಹತ್ತಲಿಲ್ಲ. ಬನ್ನಿಮರವಿಲ್ಲ, ಕೊರಕಲಿಲ್ಲ, ಕಲ್ಲಿಲ್ಲ. ಉಳಿದಿದ್ದದ್ದು ಗಡಿಕಲ್ಲೊಂದೇ. ವರ್ಷವೆಲ್ಲ ಹಿಂಡಿನ ಹಿಂದೆ ಅಲೆದವರಿಗೆ ಸಾಲು ಅದರ ಯಾವ ಕಡೆಗಿತ್ತು ಎಂಬುದು ಮಸುಕಾಗಿತ್ತು.

“ಆಯಮ್ಮನ ಮಗ್ಗುಲಲ್ಲಿ ನನ್ನ ಇಕ್ಕಬೇಕು ಅಂತ ಇವುನ್ಗೆ ಹೇಳಿವ್ನಿ,” ಎಂದರು ಮುದುಕರು. “ಆಗ್ತೈತೆ ಅಂತಾನೆ. ಎಲ್ಲಿ ಅಂದ್ರೆ ಆಕಾಶ ನೋಡ್ತಾನೆ.”

“ಇನ್ನೇನ್ ಮಾಡ್ಲಿ? ಭೂಮಿ ನೋಡಿದ್ರೆ ಎಲ್ಲಾ ಒಂದೇ ತರ ಐತೆ,” ಎಂದ ಮಗ.

ನಾನು ಪೆಟ್ಟಿಗೆ ತೆಗೆದು ಹುಡುಕಿದೆ. ಹಾಳೆ ಸಿಕ್ಕಿತು. ಗೆಳೆಯನ ಮುದ್ದಾದ ಅಕ್ಷರ. ‘ಹಟ್ಟಿಯ ಹಿರಿಯರ ಸಾಲು. ತುದಿಯಲ್ಲಿ ಒಂದು ಹೊಸ ಚಪ್ಪಡಿ, ಹೆಣ್ಣುಮಗಳದು.’ ನಾವು ಎಲ್ಲ ಹಾಳೆಗಳಿಗೂ ಒಂದೇ ಬಗೆಯಲ್ಲಿ ಅಚ್ಚು ಹಾಕಿಸಿದ್ದ ‘ಗಡಿಕಲ್ಲಿನಿಂದ ಕಲ್ಲಿಗೆ’ ಎಂಬ ಕಂಬಸಾಲಿನಲ್ಲಿ: ದಕ್ಷಿಣ ಐವತ್ತೆರಡು ಪಶ್ಚಿಮ, ಏಳು ಸರಪಳಿ. ಆ ಹೊಸ ಚಪ್ಪಡಿಯ ವಿಷಯ ಓದಿ ಹೇಳಿದಾಗ ಮುದುಕರು ಎರಡು ಕೈಗಳನ್ನೂ ಮೊಣಕಾಲಿನ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕುಳಿತರು. ಮಗ ಅವರ ಮುಖ ನೋಡಲಿಲ್ಲ.

ಇನ್ನು ಮುಂದಿನ ಮೂರು ವಾರಗಳ ಬಗ್ಗೆ ಬರೆಯಬೇಕು. ಕಾಂತಸೂಜಿ ನಿಜವಾದ ಉತ್ತರವನ್ನು ತೋರಿಸುವುದಿಲ್ಲ. ನಮ್ಮ ಸೀಮೆಯಲ್ಲಿ ತುಸು ಪಶ್ಚಿಮಕ್ಕೆ ವಾಲುತ್ತದೆ. ಆ ವಾಲಿಕೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ದಿಗಂಶವನ್ನು ಸರಿಯಾಗಿ ಪಡೆಯಬೇಕಾದರೆ ಓದಿದ ದಿಕ್ಕಷ್ಟೇ ಸಾಲದು, ಓದಿದ ವರ್ಷವೂ ಬೇಕು. ಇಪ್ಪತ್ತು ಮೀಟರಿನ ಸರಪಳಿಯಲ್ಲಿ ಏಳು ಸರಪಳಿ ದೂರಕ್ಕೆ ಒಂದು ಡಿಗ್ರಿ ತಪ್ಪಿದರೆ ನೆಲದ ಮೇಲೆ ಎರಡೂವರೆ ಮೀಟರಿನಷ್ಟು ಸರಿಯುತ್ತದೆ. ಕೆರೆಯ ಏರಿಯನ್ನು ಗುರುತಿಸಲು ಅದು ನಗಣ್ಯ. ಸಮಾಧಿಗೆ ನಗಣ್ಯವಲ್ಲ, ಗಂಡ ಹೆಂಡತಿಯ ಮಗ್ಗುಲಿಗೆ ಬಂದನೋ, ಬೇರೊಬ್ಬರ ಕಾಲ ಬಳಿ ಬಂದನೋ ಎಂಬಷ್ಟು ವ್ಯತ್ಯಾಸ.

ಹಾಳೆಯಲ್ಲಿ ವರ್ಷವಿರಲಿಲ್ಲ. ‘ಮಂಗಳವಾರ, ಕಾರ್ತಿಕ ಹುಣ್ಣಿಮೆಯ ಮಾರನೆಯ ದಿನ’ ಎಂದಷ್ಟೇ ಇತ್ತು. ಆ ದಿನ ನಾನು ಜೊತೆಯಲ್ಲಿರಲಿಲ್ಲ. ಕೊರಟಗೆರೆಯ ಕಡೆ ಬೇರೊಂದು ಕಲ್ಲು ನೋಡಲು ಹೋಗಿದ್ದೆ ಎಂದು ನೆನಪು. ಆದರೆ ಯಾವ ವರ್ಷ ಎಂಬುದು ನೆನಪಿನಿಂದ ತೀರ್ಮಾನಿಸುವ ಮಾತಲ್ಲ. ಆ ದಶಕದ ಪಂಚಾಂಗಗಳನ್ನು ತರಿಸಿದೆ. ಕಾರ್ತಿಕ ಹುಣ್ಣಿಮೆ ಸೋಮವಾರ ಬಿದ್ದ ವರ್ಷಗಳನ್ನು ಗುರುತಿಸಿದೆ. ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ತಿಥಿ ಹೊಂದದೆ ಇದ್ದಾಗ ಮೂರನೆಯದನ್ನು ನೋಡಿದೆ. ಎರಡು ವರ್ಷಗಳು ಉಳಿದವು. ಹಾಳೆಯ ಅಂಚಿನಲ್ಲಿ ‘ಹಟ್ಟಿಗೆ ಈಗಷ್ಟೇ ಕರೆಂಟು ಕಂಬ’ ಎಂದು ಬರೆದಿದ್ದ. ಆ ಕಂಬ ಯಾವಾಗ ಬಂತು ಎಂದು ತಿಳಿಯಲು ಎರಡು ಸಲ ಶಿರಾಕ್ಕೆ ಹೋದೆ. ಕೊನೆಗೆ ಒಂದು ವರ್ಷ ನಿಂತಿತು. ಇಷ್ಟೆಲ್ಲ ಮಾಡಿದ ಮೇಲೆ ಎರಡು ವರ್ಷಗಳ ನಡುವಣ ವ್ಯತ್ಯಾಸವನ್ನು ನೆಲಕ್ಕೆ ಇಳಿಸಿ ನೋಡಿದರೆ ಅದು ಒಂದು ಮೊಳಕ್ಕೂ ಕಡಿಮೆ. ಆದರೂ ನನಗೆ ಸಮಾಧಾನವಾಗಿತ್ತು.

ಹಾಳೆಗಳನ್ನೂ ಪರೀಕ್ಷಿಸದೆ ಬಿಡಲಿಲ್ಲ. ಇಂಥ ದಿಕ್ಸೂಚಿಯ ಬಿಲ್ಲೆಯಲ್ಲಿ ಪೂರ್ವ ಪಶ್ಚಿಮಗಳನ್ನು ಬೇಕೆಂದೇ ಅದಲು ಬದಲು ಮಾಡಿ ಕೆತ್ತಿರುತ್ತಾರೆ. ಸೂಜಿ ನಿಂತಲ್ಲೇ ನಿಂತು ಬಿಲ್ಲೆ ತಿರುಗುವುದರಿಂದ ಓದು ಹಾಗೆ ಮಾತ್ರ ಸರಿಬರುತ್ತದೆ. ಗೊತ್ತಿಲ್ಲದವರು ಅದನ್ನು ‘ತಿದ್ದಿ’ ಕೆಡಿಸುತ್ತಾರೆ. ಗೆಳೆಯ ಹಾಗೆ ಮಾಡಿದ್ದಾನೆಯೇ ಎಂದು ನೋಡಲು ಪುರವರದ ಹತ್ತಿರ ಒಂದು, ತಾವರೆಕೆರೆಯ ಹತ್ತಿರ ಎರಡು, ಇನ್ನೂ ನಿಂತಿರುವ ಕಲ್ಲುಗಳಿಗೆ ಅವನ ಹಾಳೆ ಹಿಡಿದು ಹೋದೆ. ಮೂರೂ ಕಡೆ ಅವನ ಅಂಕಿ ನನ್ನನ್ನು ಕಲ್ಲಿನ ಎದುರಿಗೇ ತಂದು ನಿಲ್ಲಿಸಿತು. ಒಂದರಲ್ಲಿ ಮೊಣಕಾಲು ಕಲ್ಲಿಗೆ ತಾಗುವಷ್ಟು ಹತ್ತಿರ. ಇಂಥ ಮನುಷ್ಯನ ಹಾಳೆಯನ್ನು ನಂಬದೆ ಇನ್ನಾರದನ್ನು ನಂಬುವುದು?

ಹೀಗೆ ಕಾಗದ ಇತ್ತು. ಕಾಗದ ಇದ್ದುದರಿಂದ ನಾವು ಯಾರನ್ನೂ ಕೇಳಲಿಲ್ಲ.

ಸೋಲಾರಿನವರ ನೆಲ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ ಶಿರಾದ ಯುವಕ, ಹೊಸದಾಗಿ ಬಂದವನು, ಒಳ್ಳೆಯವನು. “ಸಾಬ್, ಜಾಗ ತೋರ್ಸಿ, ಬಿಟ್ಬಿಡ್ತೀವಿ,” ಎಂದ. “ಹತ್ತಡಿ ಇಪ್ಪತ್ತಡಿ ಬಿಟ್ರೆ ಯಾರಿಗೂ ಏನೂ ಕಮ್ಮಿ ಆಗಲ್ಲ. ಆದ್ರೆ ‘ಇಲ್ಲೆಲ್ಲೋ’ ಅನ್ಬೇಡಿ. ಮಷೀನ್‌ಗೆ ‘ಇಲ್ಲೆಲ್ಲೋ’ ಅಂದ್ರೆ ಗೊತ್ತಾಗಲ್ಲ.”

ನನಗೆ ಆ ಮಾತು ಇಷ್ಟವಾಯಿತು. ದಕ್ಷಿಣ ಐವತ್ತೆರಡು ಪಶ್ಚಿಮ. ನೂರ ಎಂಬತ್ತು ಕೂಡಿದರೆ ಇನ್ನೂರ ಮೂವತ್ತೆರಡು. ಆ ವರ್ಷದ ಸೂಜಿಯ ವಾಲಿಕೆಯನ್ನು ಕಳೆದು ಬಂದ ದಿಗಂಶ ಹಿಡಿದು, ಗಡಿಕಲ್ಲಿನಿಂದ ಟೇಪು ಎಳೆಸಿದೆ. ಟೇಪು ಮುಗಿದ ಕಡೆ ಮಗ ಒಂದು ಗೂಟ ಬಡಿದ. ಸುತ್ತ ನೋಡಿದರೆ ಕೆಂಪು ಮಣ್ಣು, ಮಷೀನಿನ ಹಲ್ಲಿನ ಗುರುತು, ಜಾಲಿಯ ಬೇರಿನ ಚೂರು.

ಮುದುಕರು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಬೆರಳಿನಲ್ಲಿ ಉಜ್ಜಿದರು. “ಕೆಂಪಗೈತಲ್ಲ ಸ್ವಾಮಿ. ನಮ್ ಕಲ್ಲುಗಳತ್ರ ಬಿಳೀ ಗರಸು ಇದ್ದಂಗೆ ನೆಪ್ಪು. ಬರಿಗಾಲಲ್ಲಿ ನಿಂತ್ರೆ ಚುಚ್ಚೋದು.”

“ನೆಲ ಮಟ್ಟ ಮಾಡುವಾಗ ಮೇಲಿನ ಮಣ್ಣು ಎಲ್ಲೆಲ್ಲಿಂದಲೋ ಬಂದು ಬಿದ್ದಿರುತ್ತದೆ,” ಎಂದೆ. ಸುಳ್ಳಲ್ಲ, ಹಾಗೆ ಆಗುವುದುಂಟು.

“ಅದೂ ಸರಿಯೇ,” ಎಂದು ಮಣ್ಣನ್ನು ಮತ್ತೆ ಅಲ್ಲೇ ಉದುರಿಸಿ, ಕೈ ಒರೆಸಿಕೊಳ್ಳದೆ ನಿಂತರು. “ಸೂಜಿ ಸುಳ್ಳು ಹೇಳಾಕಿಲ್ಲ ಬುಡಿ.” ಆಮೇಲೆ ಗೂಟದ ಪಕ್ಕದಲ್ಲಿ ನಿಧಾನವಾಗಿ ಕುಳಿತು, ಎಡಗಡೆಗೆ ಕೈ ಚಾಚಿ ನೆಲವನ್ನು ತಟ್ಟಿದರು, ಹಾಸಿಗೆಯಲ್ಲಿ ಮಲಗುವ ಮೊದಲು ಜಾಗ ನೋಡಿಕೊಳ್ಳುವವರ ಹಾಗೆ. ಮಗನಿಗೆ, “ಇಲ್ಲಿ. ನೋಡ್ಕೊಂಡ್ಯೇನ್ಲಾ?” ಎಂದರು.

“ನೋಡ್ಕೊಂಡೆ. ಏಳು, ಬಿಸ್ಲು.”

“ಎಬ್ಸು ಮತ್ತೆ.”

ಮೇಲ್ವಿಚಾರಕ ಕೊಟ್ಟ ಮಾತಿನಂತೆ ಆ ಚೌಕಕ್ಕೆ ತಂತಿಬೇಲಿ ಹಾಕಿಸಿದ. ಮಳೆಗಾಲ ಮುಗಿಯುವುದರೊಳಗೆ ಮುದುಕರು ತೀರಿಕೊಂಡರು. ಬೇಲಿಯ ಒಳಗೆ, ಗೂಟದ ಮಗ್ಗುಲಲ್ಲಿ, ಅವರು ತಟ್ಟಿ ತೋರಿಸಿದ ಕಡೆಯೇ ಅವರನ್ನು ಮಣ್ಣು ಮಾಡಿದರು. ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿದೆ. ನನ್ನ ವೃತ್ತಿಯಲ್ಲಿ ಎಷ್ಟೋ ಕಲ್ಲುಗಳನ್ನು ಓದಿದ್ದೇನೆ. ಒಂದು ಕಲ್ಲಿನ ವಿಷಯದಲ್ಲಾದರೂ ಬದುಕಿದ್ದ ಒಬ್ಬರಿಗೆ ಉಪಯೋಗವಾದೆ ಎಂಬ ಭಾವನೆ ಅಂದು ನನ್ನಲ್ಲಿತ್ತು. ಅದು ಬಾಳಿದ್ದು ಎರಡು ದಿನ.

ಮೂರನೆಯ ದಿನ ಹಾಲು-ತುಪ್ಪ. ಮುದುಕರ ತಂಗಿ ಪಾವಗಡದ ಆಚೆ ಗಡಿಯ ಹಳ್ಳಿಯೊಂದರಲ್ಲಿ ಇದ್ದವರು, ಮಂಡಿನೋವಿನವರು. ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಮಣ್ಣಾಗಿ ಹೋಗಿತ್ತು. ಅಂದು ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ನಮ್ಮೊಡನೆ ನಡೆದರು. ದಾರಿ ಗಡಿಕಲ್ಲಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಆಕೆ ಅಲ್ಲಿ ನಿಂತರು. ಮಗ ಬೇಲಿಯ ಕಡೆಗೆ ಕೈ ತೋರಿಸಿದ.

“ಏಮಿರಾ, ಆ ಕಡೀಕೆ ಯಾಕೆ?” ಎಂದರು ಆಕೆ.

“ಅಲ್ಲೇ ಕಣತ್ತೆ. ಹಿರೇರ ಕಲ್ಲು ಇದ್ದದ್ದು ಅಲ್ಲೇ.”

“ಯಾರು ಹೇಳಿದ್ದು?”

ಮಗ ನನ್ನನ್ನು ನೋಡಿದ. ನಾನು ಕಾಗದದ ವಿಷಯ ಹೇಳಿದೆ. ಆಕೆ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಗಡಿಕಲ್ಲಿನ ಬುಡದಿಂದ ಹೊರಟು ಬೇಲಿಯ ದಿಕ್ಕಿನ ಆಸುಪಾಸಿನಲ್ಲೇ ಚಾಚಿದ್ದ ನೆರಳನ್ನು ಕಾಲ ಬೆರಳಿನಿಂದ ತೋರಿಸಿದರು.

“ಈ ಹೊತ್ನಾಗೆ ಈ ಕಲ್ಲಿನ ನೆಳ್ಳು ನಮ್ಮೋರ ಕಡೀಕೆ ಬರಾಕಿಲ್ಲ ಸಾಮಿ. ಸಂಜೀಕೆ ಬತ್ತಿತ್ತು, ಕುರಿ ತಿರುಗೋ ಹೊತ್ಗೆ. ನಾವು ಅಜ್ಜನ ಕಲ್ಲಿಗೆ ಒರಗಿ ಕೂತ್ಕತಿದ್ವಿ, ಬಿಸ್ಲು ಮಕಕ್ಕೆ ಹೊಡೀತಿತ್ತು. ನೆಳ್ಳು ಇಷ್ಟಿಷ್ಟೇ ನಮ್ಕಡೆ ಬೆಳೀತಿದ್ರೆ, ಕಾಲ್ ತಾವ್ಕೆ ಬತ್ತೈತೆ ನೋಡು ಅಂತ ಅತ್ತಿಗೆ ಹೆದರ್ಸೋಳು. ಅದೆಲ್ಲಿ ಬತ್ತೈತೆ, ಅಷ್ಟು ದೂರಕ್ಕೆ.” ಆಕೆ ಹಿಂದಕ್ಕೆ, ಈಶಾನ್ಯದ ಕಡೆಗೆ, ಹೊರಳಿ ನೋಡಿದರು. ಅಲ್ಲಿ ಆಗಲೇ ಕಬ್ಬಿಣದ ಕಾಲುಗಳ ಮೇಲೆ ಫಲಕಗಳ ಸಾಲು ನಿಂತಿತ್ತು.

ಹಾಲು-ತುಪ್ಪ ನಿಲ್ಲಿಸುವಂತಿರಲಿಲ್ಲ. ಆಕೆ ಬೇಲಿಯೊಳಗೆ ಹೋಗಿ ಅಣ್ಣನಿಗೆ ಹಾಲೆರೆದು ಬಂದರು. ಬಂದ ಮೇಲೆ ಬೇಲಿಯ ಹೊರಗೆ ಕಾಲು ಚಾಚಿ ಕುಳಿತು, ಮಂಡಿ ಒತ್ತಿಕೊಳ್ಳುತ್ತ, ನನ್ನ ಗೆಳೆಯನ ವಿಷಯ ತೆಗೆದರು.

“ಆ ಮೇಷ್ಟ್ರು ಬಂದಾಗ ನಾನು ಬಾಣಂತನಕ್ಕೆ ಇಲ್ಲೇ ಇದ್ದೆ. ಬೋ ಒಳ್ಳೇರು. ಮೂರ್ ಕಾಲಿನ ಕೋಲು ನಿಲ್ಸಿ, ಇದೇ ಗಡಿಕಲ್ ತಾವ ಬಗ್ಗಿ, ಒಂದ್ ಕಣ್ಣು ಮುಚ್ಕಂಡು ನಮ್ಮಜ್ಜನ ಕಡೀಕೆ ನೋಡ್ತಾವ್ರೆ. ನಂಗೆ ತಡೀಲಿಲ್ಲ. ‘ಏನ್ ಮೇಷ್ಟ್ರೇ, ಅಜ್ಜನಿಗೆ ಗುರಿ ಇಕ್ತಿದ್ದೀರಾ? ಒಂದ್ಸಲ ಸತ್ತೋರ್ನ ಇನ್ನೊಂದ್ಸಲ ಹೊಡೀಬೇಕಾ?’ ಅಂದೆ.”

ಅಲ್ಲಿ ಕುಳಿತ ಹೆಂಗಸೊಬ್ಬರು ತಲೆಯಾಡಿಸಿದರು. ಆ ಹಟ್ಟಿಯಲ್ಲಿ ಹಿರಿಯರ ಕಲ್ಲಿಗೆ ಬೆನ್ನು ಕೊಟ್ಟು ಒರಗಿ ಕೂರಬಹುದು, ಅದರ ನೆರಳಲ್ಲಿ ಮಲಗಬಹುದು. ಒಂದು ಕಣ್ಣು ಮುಚ್ಚಿ ಅದರತ್ತ ದಿಟ್ಟಿಸುವಂತಿಲ್ಲ. ಅದು ಬೇಟೆಯ ನೋಟ. ನಾನು ನಾಲ್ಕು ತಾಲ್ಲೂಕು ತಿರುಗಿದವನು. ಇದನ್ನು ಅಂದೇ ಮೊದಲು ಕೇಳಿದ್ದು.

“ಅವ್ರು ನಾಲಿಗೆ ಕಚ್ಕಂಡ್ರು,” ಎಂದು ಆಕೆ ಮುಂದುವರಿಸಿದರು. “ತಪ್ಪಾಯ್ತಮ್ಮ ಅಂದು, ಕೋಲು ಎತ್ಕಂಡು ಕಲ್ಲಿನ ತಾವ್ಕೇ ಬಂದ್ರು. ಮೆಟ್ಟು ಬಿಟ್ರು. ಕಲ್ಲಿಗೆ ಬೆನ್ನು ಮಾಡ್ಕಂಡು ಗಡಿಕಲ್ ಕಡೀಕೆ ಕಣ್ಣು ಹಿಡುದ್ರು. ‘ಸರ್ಕಾರದ ಕಲ್ಲಿಗೆ ಗುರಿ ಇಟ್ರೆ ಪರವಾಗಿಲ್ವೇನಮ್ಮ?’ ಅಂದ್ರು. ‘ಇಕ್ಕಳಿ ಸಾಮಿ, ಅದುಕ್ಕೇನು ಮಕ್ಳಾ ಮರಿಗಳಾ’ ಅಂದೆ. ಎಲ್ರೂ ನಕ್ಕಿದ್ದೇ ನಕ್ಕಿದ್ದು.”

ಆಕೆ ಆ ನೆನಪಿಗೆ ಈಗಲೂ ಸಣ್ಣಗೆ ನಕ್ಕರು. ನಾನು ನಗಲಾರದೆ ಕುಳಿತೆ.

ಏನಾಯಿತು ಎಂಬುದು ನನಗೆ ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಗೆಳೆಯ ಓದಿದ್ದು ಗಡಿಕಲ್ಲಿನಿಂದ ಸಮಾಧಿಯ ದಿಕ್ಕನ್ನಲ್ಲ, ಸಮಾಧಿಯಿಂದ ಗಡಿಕಲ್ಲಿನ ದಿಕ್ಕನ್ನು. ಓದಿದ್ದನ್ನು ಓದಿದ ಹಾಗೇ, ಇದ್ದ ಒಂದೇ ಕಂಬಸಾಲಿನಲ್ಲಿ, ಬರೆದುಕೊಂಡಿದ್ದ. ಮನೆಗೆ ಬಂದು ತಿರುಗಿಸಿ ಬರೆಯೋಣ ಎಂದುಕೊಂಡಿರಬೇಕು. ತಿರುಗಿಸುವುದು ಬಹಳ ಸುಲಭ, ಆದ್ದರಿಂದಲೇ ಮುಂದೂಡುವುದೂ ಸುಲಭ. ಅಂಕಿ ಬದಲಾಗುವುದಿಲ್ಲ. ದಕ್ಷಿಣವಿದ್ದಲ್ಲಿ ಉತ್ತರ, ಪಶ್ಚಿಮವಿದ್ದಲ್ಲಿ ಪೂರ್ವ. ದಕ್ಷಿಣ ಐವತ್ತೆರಡು ಪಶ್ಚಿಮ ಎಂಬುದು ಉತ್ತರ ಐವತ್ತೆರಡು ಪೂರ್ವ ಆಗುತ್ತದೆ. ದಿಗಂಶದಲ್ಲಿ ಇನ್ನೂರ ಮೂವತ್ತೆರಡಲ್ಲ, ಬರೀ ಐವತ್ತೆರಡು. ಒಂದು ಮೊಳದ ವ್ಯತ್ಯಾಸಕ್ಕಾಗಿ ನಾನು ಪಂಚಾಂಗಗಳನ್ನು ತಿರುವಿ ಹಾಕುತ್ತಿದ್ದಾಗ ನೆಲ ಅರ್ಧ ಸುತ್ತು ತಿರುಗಿ ನಿಂತಿತ್ತು.

ಇನ್ನೂ ಒಂದು ಆಸೆ ಇಟ್ಟುಕೊಂಡು ಮೇಲ್ವಿಚಾರಕನ ಹತ್ತಿರ ಹೋದೆ. ಮುದುಕಿಯ ನೆನಪು ತಪ್ಪಿರಬಹುದು. ಅವನು ಫಲಕಗಳ ಸಾಲಿನ ಕಡೆ ನೋಡಿ, “ಆ ಪಟ್ಟಿ ಲೆವೆಲ್ ಮಾಡುವಾಗ ನಾನಿರ್ಲಿಲ್ಲ ಸಾಬ್. ಡ್ರೈವರ್‌ನ ಕೇಳ್ತೀನಿ,” ಎಂದು ಫೋನು ಹಚ್ಚಿದ. ಧ್ವನಿ ಎಲ್ಲರಿಗೂ ಕೇಳುವಂತೆ ಮಾಡಿದ. ಆ ಕಡೆಯ ಮನುಷ್ಯ ಯಾವುದೋ ಗದ್ದಲದ ನಡುವೆ ಇದ್ದ. “ಹೂ ಸಾರ್, ಅಲ್ಲಿ ನಿಂತ ಚಪ್ಪಡಿ ಒಂದ್ ಸಾಲಿತ್ತು. ಬಿಳೀ ಗರಸು ನೆಲ, ಬೇಗ ಬಂತು. ಮೋರಿ ಕೆಲ್ಸಕ್ಕೆ ಕೊಟ್ವಿ. ಯಾಕ್ ಸಾರ್, ಏನಾದ್ರೂ ತೊಂದ್ರೇನಾ?”

“ಇಲ್ಲ, ಇಲ್ಲ,” ಎಂದು ಮೇಲ್ವಿಚಾರಕ ಫೋನ್ ಇಟ್ಟ. “ಅಲ್ಲಿ ಕಂಬಕ್ಕೆ ಗುಂಡಿ ತೋಡಿದ್ವಲ್ಲ ಸಾಬ್,” ಎಂದ.

ಬಿಳಿ ಗರಸು. ಮುದುಕರ ಅಂಗಾಲಿಗೆ ಅದು ನೆನಪಿತ್ತು.

ಮಣ್ಣಿಗಿಟ್ಟವರನ್ನು ಮತ್ತೆ ಎಬ್ಬಿಸುವುದು ಆ ಹಟ್ಟಿಯಲ್ಲಿಲ್ಲ. ಎಬ್ಬಿಸಿದರೂ ಒಯ್ದು ಇಡುವ ಜಾಗವಿಲ್ಲ. ಅಲ್ಲಿ ಈಗ ಏನು ಉಳಿದಿದೆಯೋ, ಉಳಿದದ್ದು ಯಾವ ಮೋರಿಯ ಅಡಿಯಲ್ಲಿದೆಯೋ ತಿಳಿಯದು. ಮಗ ಅಂದು ಸಂಜೆ ತನ್ನ ಅತ್ತೆಗೆ, “ಅಪ್ಪನ್ಗೆ ಗೊತ್ತಾಗ್ದೆ ಹೋಯ್ತಲ್ಲ, ಅಷ್ಟು ಸಾಕು ಬುಡತ್ತೆ. ಊರಲ್ಲಿ ಯಾರಿಗೂ ಹೇಳ್ಬ್ಯಾಡ,” ಎಂದ. ಆಕೆ ಎದ್ದು ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯ ತನಕ ಕುಂಟುತ್ತ ಬಂದರು.

“ಸಾಮಿ, ನಾನಂದು ಅಂಗನ್ನದೆ ಇದ್ದಿದ್ರೆ?”

ನಾನು ವಿವರಿಸಲು ತೊಡಗಿದೆ. ಕಂಬಸಾಲು ಒಂದೇ ಇದ್ದದ್ದು ನಮ್ಮಿಬ್ಬರ ಯೋಜನೆಯ ಕೊರತೆ. ತಿರುಗಿಸಿ ಬರೆಯದ್ದು ಗೆಳೆಯನ ಮರೆವು. ಯಾರನ್ನೂ ಕೇಳದೆ ಅಂಕಿ ಇಳಿಸಿದ್ದು ನಾನು. ಕಾರಣಗಳನ್ನು ಕ್ರಮವಾಗಿ ಹೇಳುವುದು ನನಗೆ ಅಭ್ಯಾಸ. ಆಕೆ ಕೊನೆಯ ತನಕ ಕೇಳಿದರು.

“ಅದೆಲ್ಲ ಆಮ್ಯಾಕಿಂದು,” ಎಂದರು. “ಮೊದ್ಲು ಅವ್ರನ್ನ ತಿರುಗ್ಸಿ ನಿಲ್ಸಿದ್ದು ನಾನು. ನಗಿಸಾಕೆ ಅಂದೆ. ನಮ್ಮತ್ತಿಗೆ ಸತ್ತ್ ಮ್ಯಾಲೆ ಆ ಕಲ್ಲುಗಳ ತಾವ ಯಾರೂ ನಕ್ಕಿರ್ನಿಲ್ಲ.”

ಬಸ್ಸು ಬಂತು. ಹತ್ತಿದೆ.

ಮನೆಗೆ ಬಂದು ನಕ್ಷೆಯನ್ನು ತಿದ್ದಿದೆ. ಇನ್ನೂರ ಮೂವತ್ತೆರಡನ್ನು ಅಳಿಸಿ ಐವತ್ತೆರಡು ಬರೆದೆ. ವರ್ಷದ ವಾಲಿಕೆಯನ್ನು ಮತ್ತೆ ಕಳೆದೆ. ಗೆಳೆಯನ ಹಾಳೆಯನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಒಂದು ಟಿಪ್ಪಣಿ ಅಂಟಿಸಿದೆ. ದಾಖಲೆ ಈಗ ಸರಿಯಾಗಿದೆ. ನಾಳೆ ಇದನ್ನು ಯಾರಾದರೂ ಪರೀಕ್ಷಿಸಿದರೆ ತಪ್ಪು ಸಿಗುವುದಿಲ್ಲ. ಅಳತೆಗೋಲು ಇಟ್ಟು ನೋಡಿದೆ: ಗಂಡ, ಗಡಿಕಲ್ಲು, ಹೆಂಡತಿ, ಮೂರೂ ಒಂದೇ ನೇರ ಗೆರೆಯ ಮೇಲೆ ಬರುತ್ತವೆ. ಗಡಿಕಲ್ಲಿನಿಂದ ಈ ಕಡೆಗೆ ಏಳು ಸರಪಳಿ, ಆ ಕಡೆಗೆ ಏಳು ಸರಪಳಿ. ಅಷ್ಟು ನಿಖರವಾದ ಗೆರೆ ನನ್ನ ನಕ್ಷೆಯಲ್ಲಿ ಇನ್ನೊಂದಿಲ್ಲ. ಆಮೇಲೆ ಆ ಕೆಲಸ ಮುಂದುವರಿದಿಲ್ಲ. ಪೆಟ್ಟಿಗೆ ಮೇಜಿನ ಕೆಳಗಿದೆ. ಉಳಿದ ಹಾಳೆಗಳಲ್ಲಿ ಇನ್ನೆಷ್ಟು ಕಡೆ ಅವನನ್ನು ಯಾರು ಯಾವ ಕಾರಣಕ್ಕೆ ತಿರುಗಿಸಿ ನಿಲ್ಲಿಸಿದ್ದರೋ! ಕೇಳಲು ಹೋಗೋಣವೆಂದರೆ ಕಂಡವರು ಉಳಿದಿಲ್ಲ.

ಈ ವರ್ಷ ಹಿರಿಯರ ಹಬ್ಬಕ್ಕೆ ಮಗ ಫೋನು ಮಾಡಿ ಕರೆದ. ಅತ್ತೆ ಬಂದಿದ್ದಾರೆ, ನೀವೂ ಬರಬೇಕಂತೆ ಎಂದ. ಹೋದೆ. ಫಲಕಗಳ ಸಾಲಿಗೆ ಈಗ ಎತ್ತರದ ಬೇಲಿಯಿದೆ, ಒಳಗೆ ಬಿಡುವುದಿಲ್ಲ. ಆಕೆ ಅಣ್ಣನ ಚೌಕಕ್ಕೂ ಹೋಗಲಿಲ್ಲ. ಗಡಿಕಲ್ಲಿನ ಹತ್ತಿರ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದರು.

“ಎತ್ತ ಮಕ ಮಾಡ್ಲಿ ಸಾಮಿ? ಒಬ್ರಿಗೆ ಮಕ ಮಾಡಿದ್ರೆ ಇನ್ನೊಬ್ರಿಗೆ ಬೆನ್ನು.”

ಆಕೆ ಚೊಂಬು ಬಗ್ಗಿಸಿ ಹಾಲನ್ನು ಗಡಿಕಲ್ಲಿನ ತಲೆಯ ಮೇಲೆಯೇ ಸುರಿದರು. ಹಾಲು ಅಡ್ಡಗೆರೆ ಉದ್ದಗೆರೆಗಳಲ್ಲಿ ತುಂಬಿ, ಅಂಚು ದಾಟಿ, ಬುಡಕ್ಕೆ ಇಳಿಯಿತು. ಆಕೆ ಬಗ್ಗಿ, ಅದು ಎತ್ತ ಹೋಗುತ್ತದೆ ಎಂದು ನೋಡುತ್ತಿದ್ದರು. ನೆಲವನ್ನು ಮಟ್ಟ ಮಾಡುವಾಗ ಮಳೆಯ ನೀರು ಮೋರಿಗೆ ಸೇರಲೆಂದು ಇಟ್ಟ ಇಳಿಜಾರು ಅಲ್ಲಿದೆ. ಹಾಲು ಆ ಇಳಿಜಾರನ್ನು ಹಿಡಿದು, ಗಂಡನ ಕಡೆಗೂ ಅಲ್ಲ, ಹೆಂಡತಿಯ ಕಡೆಗೂ ಅಲ್ಲ, ಎರಡಕ್ಕೂ ಅಡ್ಡವಾಗಿ ಸ್ವಲ್ಪ ದೂರ ಹರಿದು ಇಂಗಿತು.

ಗೆಳೆಯನ ದಿಕ್ಸೂಚಿ ನನ್ನ ಜೋಳಿಗೆಯಲ್ಲೇ ಇತ್ತು. ದಕ್ಷಿಣ ನಲವತ್ತು ಪೂರ್ವ ಇದ್ದಿರಬಹುದು. ನಾನು ಅಳೆಯಲಿಲ್ಲ.